ಡ್ರೈವರ್ ರೇಣುಕಾಪ್ರಸಾದನ ಎರಡನೇ ಮುದ್ದೆ

ರೇಣುಕಾಪ್ರಸಾದನ ಖಾಕಿ ಅಂಗಿಗಳೆಲ್ಲ ಒಂದೇ ಜಾಗದಲ್ಲಿ ಸವೆಯುತ್ತಿದ್ದವು. ಕಾಲರು, ತೋಳು ಹೊಸದರಂತೆ ಇರುತ್ತಿದ್ದವು. ಹೊಟ್ಟೆಯ ಮೇಲೆ, ನಾಲ್ಕನೇ ಗುಂಡಿಯ ಅಕ್ಕಪಕ್ಕ ಮಾತ್ರ ಬಟ್ಟೆ ಜಾಳುಜಾಳಾಗಿ ಒಳಗಿನ ಬನಿಯನ್ ಕಾಣುತ್ತಿತ್ತು. ಇದರ ಕಾರಣ ಕಂಡುಹಿಡಿದವಳು ಬಟ್ಟೆ ಒಗೆಯುವ ಹೆಂಡತಿ ದ್ರಾಕ್ಷಾಯಿಣಿ.

"ರೀ, ಸ್ಟೇರಿಂಗು ತಿಕ್ಕಿ ತಿಕ್ಕಿ ಹಿಂಗಾಗೈತೆ. ಇನ್ನೊಸಿ ದಿನ ಹೋದ್ರೆ ಬಸ್ಸು ನೀವು ತಿರುಗಿಸಂಗಿಲ್ಲ, ನಿಮ್ಮ ಹೊಟ್ಟೇನೆ ತಿರುಗಿಸ್ತದೆ."

ಚನ್ನಪಟ್ಟಣದಿಂದ ದೊಡ್ಡಮಳೂರು, ಬೈರಾಪಟ್ಟಣ ಹಾದು ವಿರೂಪಾಕ್ಷಿಪುರದ ಕಡೆ ಹೋಗುವ ಬಸ್ಸನ್ನು ಅವನು ಇಪ್ಪತ್ತೆರಡು ವರ್ಷದಿಂದ ಓಡಿಸುತ್ತಿದ್ದ. ಸ್ಟಾಪು ಇರಲಿ ಬಿಡಲಿ, ಕೈ ಎತ್ತಿದವರಿಗೆಲ್ಲ ನಿಲ್ಲಿಸುವ ಮನುಷ್ಯ. ಹಾಗಾಗಿ ದಾರಿಯುದ್ದಕ್ಕೂ ಅವನಿಗೆ ನೆಂಟರು. ಹಬ್ಬದ ಮಾರನೆಯ ದಿನ ಒಬ್ಬಟ್ಟು, ಸುಗ್ಗಿಯಲ್ಲಿ ಕಜ್ಜಾಯ, ಕಾಲ ಬಂದಾಗ ಹಲಸಿನ ತೊಳೆ, ಎಲ್ಲವೂ ಡ್ರೈವರ್ ಕಿಟಕಿಯಿಂದ ಒಳಗೆ ಬರುತ್ತಿದ್ದವು. ಕೊಟ್ಟದ್ದನ್ನು ಬೇಡ ಎನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ.

ಡಾಕ್ಟರ್ ಶೀಬಾ ತೂಕ ನೋಡಿದರು: ತೊಂಬತ್ತೇಳು. ಸಕ್ಕರೆ ಗಡಿಯ ಮೇಲೆ ಬಂದು ಕೂತಿತ್ತು. "ಆರು ತಿಂಗಳಲ್ಲಿ ಎಂಟು ಕೆಜಿ ಇಳಿಸಿ. ಆಮೇಲೆ ಮಾತ್ರೆ ವಿಷಯ ಮಾತಾಡೋಣ" ಎಂದರು.

ಕಾಲೇಜಿಗೆ ಹೋಗುತ್ತಿದ್ದ ಮಗಳು ಸ್ಪಂದನಾ ಮೊಬೈಲ್ ನೋಡಿ ಒಂದು ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದಳು. ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಉಪ್ಪು ಕಡಿಮೆ ಹಾಕಿ ಬೇಯಿಸಿದ ತರಕಾರಿ, ರಾತ್ರಿಗೆ ಒಂದು ಸೇಬು. ಓಟ್ಸಿನ ಗಂಜಿ ಬಾಯಿಗಿಟ್ಟಾಗ ರೇಣುಕಾಪ್ರಸಾದನಿಗೆ ಗೋಡೆಗೆ ಪೋಸ್ಟರು ಹಚ್ಚುವ ಅಂಟು ನೆನಪಾಯಿತು. ಆದರೂ ಮಗಳು ಬರೆದದ್ದು ಅಂತ ಹತ್ತು ದಿನ ತಿಂದ. ತೂಕ ಎರಡು ಕೆಜಿ ಇಳಿಯಿತು. ಜೊತೆಗೆ ಅವನ ನಗುವೂ ಇಳಿಯಿತು. ಕೈ ಎತ್ತಿದವರನ್ನು ನೋಡಿಯೂ ನೋಡದ ಹಾಗೆ ಬಸ್ಸು ಮುಂದೆ ಹೋಗತೊಡಗಿದಾಗ ಜನ ಗಾಬರಿಯಾದರು.

ಹನ್ನೊಂದನೆಯ ದಿನ ಸಂಜೆ ನಾಲ್ಕಕ್ಕೆ ಬಸ್ಸು ವಿರೂಪಾಕ್ಷಿಪುರ ಮುಟ್ಟಿತು. ಅಲ್ಲಿ ರಾಮಲಿಂಗಯ್ಯನ ಚಿಕ್ಕ ಹೋಟೆಲು. ಬಾಣಲೆಯಿಂದ ಆಗ ತಾನೆ ಮಸಾಲೆ ವಡೆ ಮೇಲೆ ಬರುತ್ತಿತ್ತು. ರೇಣುಕಾಪ್ರಸಾದ ಇಳಿದವನೇ ಹೋಗಿ ನಿಂತ. ಏಳು ವಡೆ ತಿಂದ. ಎಂಟನೆಯದಕ್ಕೆ ಕೈ ಹಾಕಿದಾಗ ಹಿಂದಿನಿಂದ ದನಿ ಬಂತು.

"ಅಣ್ಣಾ, ಬಸ್ಸು ಹೊರಡೋ ಹೊತ್ತಾಯ್ತು."

ಕಂಡಕ್ಟರ್ ಕೆಹಕಶಾನ್. ಎರಡು ವರ್ಷದಿಂದ ಅದೇ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿದ್ದಳು. ಕಂಡದ್ದನ್ನು ಮುಖಕ್ಕೆ ಹೇಳುವವಳು. ಬಸ್ಸು ಹತ್ತಿದ ಮೇಲೆ ಅವಳೇ ಕೇಳಿದಳು, "ಎಷ್ಟು ದಿನದಿಂದ ಉಪಾಸ?"

"ಹತ್ತು ದಿನ ಕಣ್ ತಂಗಿ. ಹೊಟ್ಟೆ ಕೂಗೋ ಸದ್ದು ಹಾರನ್‌ಗಿಂತ ಜೋರಾಗೈತೆ."

ಕೆಹಕಶಾನ್ ನಕ್ಕಳು. "ಎರಡನೇ ಮಗು ಆದಾಗ ಈ ಸೀಟ್‌ಗಳ ಮಧ್ಯ ನಾನೇ ಸಿಕ್ಕಾಕ್ಕೋತಿದ್ದೆ. ಹನ್ನೆರಡು ಕೆಜಿ ಇಳಿಸ್ದೆ. ಒಂದಿನಾನೂ ಉಪಾಸ ಬಿದ್ದಿಲ್ಲ. ಹೊಟ್ಟೇನೂ ತುಂಬ್ಬೇಕು, ಬಾಯಿಗೂ ಹಿಡಿಸ್ಬೇಕು. ಇಲ್ಲಾಂದ್ರೆ ವಡೆ ಅಂಗಡಿ ಬುಡ್ತದಾ?"

ಮಾರನೆಯ ದಿನ ಅವಳು ಒಂದು ಡಬ್ಬಿ ಮುಂದೆ ಚಾಚಿದಳು. ಮೊಳಕೆ ಬರಿಸಿ ಬೇಯಿಸಿದ ಹುರುಳಿಕಾಳು, ಮೇಲೆ ಹಸಿ ಈರುಳ್ಳಿ, ಹಸಿಮೆಣಸಿನಕಾಯಿ, ಕೈತುಂಬ ಕೊತ್ತಂಬರಿ, ಧಾರಾಳವಾಗಿ ನಿಂಬೆಹುಳಿ. "ನಮ್ಮನೆ ಡಬ್ಬಿ ಅಂತ ಸಂಕೋಚ ಬ್ಯಾಡ ಅಣ್ಣ, ಇದ್ರಲ್ಲಿ ಬರೀ ಕಾಳು..." ಎಂದು ಅವಳು ಹೇಳಿ ಮುಗಿಸುವ ಮೊದಲೇ ಮೂರು ಚಮಚ ಒಳಗೆ ಹೋಗಿತ್ತು. ಅಗಿಯಲು ಕೆಲಸ, ನಾಲಿಗೆಗೆ ಹುಳಿ, ಖಾರ. ಅಂದು ಸಂಜೆ ವಡೆಯ ವಾಸನೆ ಬಂತು, ಹೋಯಿತು.

ಆ ಖುಷಿಯಲ್ಲಿ ಅವನು ಒಂದು ತಪ್ಪು ಮಾಡಿದ. ಮನೆಗೆ ಬಂದು ಕಂಡಕ್ಟರಮ್ಮನ ಹುರುಳಿಕಾಳನ್ನು ಹೆಂಡತಿಯ ಎದುರು ಬಾಯಿತುಂಬ ಹೊಗಳಿದ.

ದ್ರಾಕ್ಷಾಯಿಣಿ ಆ ರಾತ್ರಿಯೇ ಹುರುಳಿಕಾಳು ನೆನೆಹಾಕಿದಳು. ಬೆಳಿಗ್ಗೆ ದೊಡ್ಡ ಡಬ್ಬಿ ತುಂಬ ಹುರುಳಿಕಾಳಿನ ಉಸಲಿ ಕಟ್ಟಿಕೊಟ್ಟಳು. ಒಗ್ಗರಣೆಯ ಎಣ್ಣೆ ಮಿರುಗುತ್ತಿತ್ತು. ಕಾಳು ಕಾಣದಷ್ಟು ತೆಂಗಿನಕಾಯಿ ತುರಿ. ಕೆಹಕಶಾನ್ ಒಂದು ಚಮಚ ತಿಂದು, "ಅತ್ತಿಗೆ ಕೈರುಚಿ ಭಾರಿ ಐತೆ. ಎಣ್ಣೆ, ಕಾಯಿ ಒಸಿ ಕಮ್ಮಿ ಮಾಡೋಕೆ ಹೇಳಿ" ಎಂದಳು. ರೇಣುಕಾಪ್ರಸಾದ ಮನೆಗೆ ಮೊದಲ ವಾಕ್ಯವನ್ನಷ್ಟೇ ಮುಟ್ಟಿಸಿದ. ಎರಡನೆಯದನ್ನು ಹೇಳುವ ಧೈರ್ಯ ಅವನಿಗಿರಲಿಲ್ಲ. ಹೊಗಳಿಕೆ ಕೇಳಿ ದ್ರಾಕ್ಷಾಯಿಣಿ ಕಾಯಿಯನ್ನು ಇನ್ನೂ ಹೆಚ್ಚಿಸಿದಳು. ಎರಡು ವಾರ ಕಳೆಯುವಷ್ಟರಲ್ಲಿ, ಇಳಿದಿದ್ದ ಎರಡು ಕೆಜಿ ತಿರುಗಿ ಬಂತು, ಜೊತೆಗೆ ಅರ್ಧ ಕೆಜಿಯನ್ನೂ ಕರೆತಂತು.

ವಾರದ ರಜೆಯ ದಿನ ಕೆಹಕಶಾನ್ ತಾನೇ ಮನೆಗೆ ಬಂದಳು. "ಅತ್ತಿಗೆ, ನಾನು ಹೇಳಿದ್ದು ಅರ್ಧ ಮಾತ್ರ ನಿಮಗೆ ಬಂದೈತೆ ಅನ್ಸುತ್ತೆ" ಎಂದು ಬಾಗಿಲಲ್ಲೇ ಶುರುಮಾಡಿದಳು. ರೇಣುಕಾಪ್ರಸಾದ ಪೇಪರ್ ಮುಖಕ್ಕೆ ಹಿಡಿದುಕೊಂಡ.

ಉಳಿದರ್ಧ ಕೇಳಿದ ದ್ರಾಕ್ಷಾಯಿಣಿ ಮೊದಲು ಗಂಡನ ಕಡೆ ನೋಡಿದಳು. ಆಮೇಲೆ ಜೋರಾಗಿ ನಕ್ಕುಬಿಟ್ಟಳು. ಇಬ್ಬರೂ ಅಡುಗೆಮನೆ ಸೇರಿದರು. ಒಳಗಿನಿಂದ ಒಂದು ಗಂಟೆ ಮಾತು ಕೇಳಿಸಿತು.

"ಇವರು ದಿನಾ ಎರಡು ಮುದ್ದೆ ಉಣ್ಣೋರು. ಒಂದು ಮಾಡಿದ್ರೆ ತಟ್ಟೆ ಖಾಲಿ ಕಾಣ್ತದೆ ಕಣಮ್ಮ. ಖಾಲಿ ತಟ್ಟೆ ನೋಡಿದ್ರೆ ನಂಗೇ ಒಂಥರಾ."

"ಖಾಲಿ ಜಾಗಕ್ಕೆ ಬೇರೆ ಏನಾದ್ರು ಇಡಿ ಅತ್ತಿಗೆ."

ದ್ರಾಕ್ಷಾಯಿಣಿ ಮೂಲೆಯ ಸೊಪ್ಪಿನ ಕಟ್ಟಿನ ಕಡೆ ನೋಡಿ, "ಬಸ್ಸಾರು ಮಾಡಿದ್ರೆ?" ಎಂದಳು.

ಮಾಡಿದಳು. ದಂಟಿನ ಸೊಪ್ಪನ್ನೂ ಅಲಸಂದೆ ಕಾಳನ್ನೂ ಒಟ್ಟಿಗೆ ಬೇಯಿಸಿ ನೀರು ಬಸಿದಳು. ಆ ನೀರಿಗೆ ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಣಸೆಹುಳಿ ಸೇರಿಸಿ ಮೂಗಿಗೆ ಏರುವಂಥ ಸಾರು. ಬಸಿದ ಸೊಪ್ಪು ಕಾಳಿಗೆ ಒಂದೇ ಚಮಚ ಎಣ್ಣೆಯ ಒಗ್ಗರಣೆ ಕೊಟ್ಟು, ಮೇಲೆ ಹುಚ್ಚೆಳ್ಳಿನ ಪುಡಿ ಉದುರಿಸಿ ಪಲ್ಯ. ತಟ್ಟೆಯಲ್ಲಿ ಒಂದು ಸಣ್ಣ ಮುದ್ದೆ. ಪಕ್ಕದಲ್ಲಿ ಅದರ ಎರಡರಷ್ಟು ಪಲ್ಯ.

ರೇಣುಕಾಪ್ರಸಾದ ತಲೆ ಎತ್ತದೆ ಉಂಡ. ಸಾರು ಎರಡು ಸಲ ಹಾಕಿಸಿಕೊಂಡು ಕೊನೆಗೆ ತಟ್ಟೆಯಿಂದಲೇ ಕುಡಿದ.

"ಇನ್ನೊಂದು ಮುದ್ದೆ ಹಾಕ್ಲಾ?" ಹೆಂಡತಿ ಪರೀಕ್ಷೆ ಮಾಡುವವಳಂತೆ ಕೇಳಿದಳು.

"ಬ್ಯಾಡ. ಹೊಟ್ಟೆ ತುಂಬ್ತು."

ಮದುವೆಯಾದ ಇಪ್ಪತ್ಮೂರು ವರ್ಷದಲ್ಲಿ ಆ ಮಾತನ್ನು ಅವಳು ಕೇಳಿರಲಿಲ್ಲ. ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡಿದಳು. ಸ್ಪಂದನಾ ಎದ್ದುಹೋಗಿ ಫ್ರಿಜ್ಜಿನ ಮೇಲಿನ ಪಟ್ಟಿಯನ್ನು ತಾನೇ ಕಿತ್ತಳು.

ಇನ್ನು ಉಳಿದದ್ದು ಸಂಜೆ ನಾಲ್ಕರ ವಡೆಯ ಹೊತ್ತು. ಹಳೆಯ ಗಿರಾಕಿ ಬಾರದೆ ರಾಮಲಿಂಗಯ್ಯನಿಗೆ ಬೇಜಾರಾಗಿತ್ತು. "ಏನ್ಲಾ ಪ್ರಸಾದ, ನನ್ನ ವಡೆ ಕೆಟ್ಟೋದ್ವಾ?" ಎಂದು ಬಸ್ಸಿನ ಹತ್ತಿರವೇ ಬಂದು ಕೇಳಿದ. ವಿಷಯ ತಿಳಿದ ಮೇಲೆ ಒಳಗೆ ಹೋಗಿ ಟೊಮ್ಯಾಟೊವನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದು, ಮೇಲೆ ಕ್ಯಾರೆಟ್ ತುರಿ, ಈರುಳ್ಳಿ, ಉಪ್ಪು, ಖಾರ, ನಿಂಬೆರಸ ಹಾಕಿ, ಒಂದು ಹಿಡಿ ಕಡ್ಲೆಪುರಿ ಉದುರಿಸಿ ತಂದ. ಅದನ್ನು ಕಂಡ ಪ್ರಯಾಣಿಕರು ತಮಗೂ ಬೇಕೆಂದರು. ಅಂದು ಬಸ್ಸು ಹತ್ತು ನಿಮಿಷ ತಡವಾಯಿತು; ಕೆಹಕಶಾನ್ ವಿಷಲ್ ಊದಿ ಊದಿ ಸೋತಳು.

ವಡೆಯನ್ನು ಅವನು ಪೂರ್ತಿ ಬಿಡಲಿಲ್ಲ. ಹದಿನೈದು ದಿನಕ್ಕೊಮ್ಮೆ ಎರಡು, ಬಿಸಿ ಇದ್ದಾಗಲೇ, ಕೂತು, ನಿಧಾನವಾಗಿ. ಕಿಟಕಿಗೆ ಬರುವ ಒಬ್ಬಟ್ಟನ್ನು ಬೇಡ ಎನ್ನಲು ಈಗಲೂ ಬಾಯಿ ಬಾರದು. ಒಂದು ಚೂರು ಮುರಿದು ತಿಂದು ಉಳಿದದ್ದನ್ನು ಹಿಂದಿನ ಸೀಟುಗಳಿಗೆ ಹಂಚುತ್ತಾನೆ.

ಆರು ತಿಂಗಳಿಗೆ ತೂಕದ ಮುಳ್ಳು ಎಂಬತ್ತೆಂಟರ ಹತ್ತಿರ ನಿಂತಿತು. ಸಕ್ಕರೆಯೂ ತಗ್ಗಿತ್ತು. ಡಾಕ್ಟರ್ ಶೀಬಾ ಕನ್ನಡಕ ತೆಗೆದು, "ಏನ್ ತಿಂತಿದ್ರಿ, ಹೇಳಿ" ಎಂದರು.

ರೇಣುಕಾಪ್ರಸಾದ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಸೊಪ್ಪು ಬಿಡಿಸುವಲ್ಲಿಂದ ಶುರುಮಾಡಿದ. ಬೆಳ್ಳುಳ್ಳಿ ಸುಡುವ ಜಾಗಕ್ಕೆ ಬರುವಷ್ಟರಲ್ಲಿ ಡಾಕ್ಟರು ಪೆನ್ನು ಕೆಳಗಿಟ್ಟಿದ್ದರು. ಮಧ್ಯಾಹ್ನ ಎರಡು ಗಂಟೆಯಾಗಿತ್ತು, ಅವರಿನ್ನೂ ಊಟ ಮಾಡಿರಲಿಲ್ಲ.

"ಸ್ವಲ್ಪ ಬೇಗ ಮುಗಿಸಿ ರೇಣುಕಾಪ್ರಸಾದ್" ಎಂದರು, "ನಂಗೆ ಹಸಿವಾಗ್ತಿದೆ."