ಎರಡು ಕೈಯ ಮಂಗಳಾರತಿ

ಕೋಯಂಬೇಡಿನ ತರಕಾರಿ ಮಾರುಕಟ್ಟೆಯಲ್ಲಿ ಅಂದಾನಿಯ ಬಾಯಿಗೆ ಹೆದರದವರಿಲ್ಲ. ಮಳವಳ್ಳಿ ಕಡೆಯಿಂದ ಬಂದು ಕುಂಬಳಕಾಯಿ ಮಂಡಿ ಇಟ್ಟ ಮನುಷ್ಯ. ಲಾರಿಯಿಂದ ಒಂದು ಕಾಯಿ ಕೈತಪ್ಪಿ ಒಡೆದರೆ ಸಾಕು, ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಶುರುವಾಗಿಬಿಡುತ್ತಿತ್ತು. ಪಕ್ಕದ ಈರುಳ್ಳಿ ಮಂಡಿಯ ಭೋಜರಾಜ, "ಓ, ಅಂದಾನಿ ಮಂಗಳಾರತಿ ಎತ್ತಿದ! ಎಲ್ಲಾರೂ ಕಣ್ಣಿಗೊತ್ಕೊಳ್ರಪ್ಪಾ" ಎಂದು ನಗುತ್ತಿದ್ದ. ಬೈಗುಳಕ್ಕೆ ಮಂಗಳಾರತಿ ಎನ್ನುವುದು ನಮ್ಮಲ್ಲಿ ವಾಡಿಕೆ ತಾನೆ?

ಅಂಥ ಬಾಯಿಗೆ ಇಂದು ಬೀಗ ಬಿದ್ದಿತ್ತು. ಹಾಕಿದವಳು ಮಗಳು ರಚನಾ.

ವೇಳಚ್ಚೇರಿಯ ಈಜುಕೊಳಕ್ಕೆ ಏಷ್ಯಾದ ಹತ್ತಾರು ದೇಶಗಳ ಹುಡುಗಿಯರು ಬಂದಿದ್ದರು. ಇನ್ನೂರು ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಫೈನಲ್‌ನ ಎಂಟು ಜನರಲ್ಲಿ ರಚನಾ ಒಬ್ಬಳು. ಅಂದಾನಿಯ ಬಾಯಲ್ಲಿ ಅದು ಕಪ್ಪೆ ಈಜು. ನೋಡಲು ಸುಲಭ, ಕಟ್ಟಳೆ ಮಾತ್ರ ಕಠಿಣ. ಪ್ರತಿ ಸಲ ಗೋಡೆ ಮುಟ್ಟುವಾಗಲೂ ಎರಡು ಕೈ ಒಟ್ಟಿಗೇ ತಾಗಬೇಕು. ಒಂದು ಕೈ ಮುಂದಾಯಿತೋ, ಗೆದ್ದವಳೂ ಆಟದಿಂದ ಹೊರಗೆ.

ಹೋದ ಸಲದ ಪಂದ್ಯದಲ್ಲಿ ಹಾಗೇ ಆಗಿತ್ತು. ಕೊನೆಯ ತಿರುವಿನ ಹತ್ತಿರ ಅಂದಾನಿ ಎದ್ದು ನಿಂತು, "ಬಾ ಮಗಾ, ಬಾ, ಬಾ!" ಎಂದು ಕೊಳವೇ ನಡುಗುವಂತೆ ಕೂಗಿದ. ಮೊದಲೇ ಸುಸ್ತಾಗಿದ್ದ ಹುಡುಗಿ ಆ ದನಿಗೆ ಆತುರಬಿದ್ದು ಬಲಗೈ ಮುಂದೆ ಚಾಚಿಬಿಟ್ಟಳು. ಅಲ್ಲಿಗೆ ಮುಗಿಯಿತು.

ಮನೆಗೆ ಬಂದು ಅತ್ತಳು. "ಇನ್ನೊಂದ್ ಸಲ ಹಿಂಗಾದ್ರೆ ನಾನು ನೀರಿಗೇ ಇಳಿಯಲ್ಲ. ನೀನು ಕತ್ತಾದಪ್ಪಾ, ಪ್ಲೀಸ್!"

ಕಿರುಚಬೇಡ ಎನ್ನುವುದನ್ನು ಮಗಳು ತಮಿಳಿನಲ್ಲೇ ಹೇಳುವುದು. ಅಂದಾನಿಗೆ ನೆತ್ತಿಗೇರಿತು.

"ನಾನು ಕಿರುಚಿದ್ದಕ್ಕಾ? ತೀರ್ಥಕ್ಕೆ ಒಡ್ದಂಗೆ ಒಂದೇ ಕೈ ಒಡ್ಡೋಳು ನೀನು!"

ದೇವರ ಮುಂದೆ ಬತ್ತಿ ಸರಿಮಾಡುತ್ತಿದ್ದ ಹೆಂಡತಿ ಸಾಕಮ್ಮ ತಿರುಗಿಯೂ ನೋಡದೆ ಹೇಳಿದಳು: "ತೀರ್ಥಕ್ಕೆ ಒಂದು ಕೈ, ಮಂಗಳಾರತಿಗೆ ಎರಡು. ಗೋಡೆ ಹತ್ರ ಬಂದಾಗ ಮಂಗಳಾರತಿ ಅಂದ್ಕೊಳವ್ವ, ಕೈ ತಾನಾಗೇ ಜೊತೇಗೆ ಹೋಯ್ತವೆ."

ರಚನಾ ಅಳುವಿನ ನಡುವೆಯೇ ಕೇಳಿದಳು, "ಯಾರ್ದಮ್ಮಾ? ದೇವ್ರುದಾ, ಅಪ್ಪಂದಾ?"

"ಯಾವ್ದಾರಾ ಆಗ್ಲಿ, ಎರಡು ಕೈ ನೀಡು."

ಮೂವರೂ ನಕ್ಕರು. ನಗುತ್ತಲೇ ಅಂದಾನಿ ಮಗಳ ತಲೆ ಮುಟ್ಟಿ, ಇನ್ನು ಕೂಗುವುದಿಲ್ಲ ಎಂದು ಆಣೆಯಿಟ್ಟ. ಅಂದಿನಿಂದ ಹುಡುಗಿ ಗೋಡೆ ಹತ್ತಿರವಾದಾಗಲೆಲ್ಲ ಮನಸ್ಸಿನಲ್ಲೇ ಮಂಗಳಾರತಿ ಅಂದುಕೊಳ್ಳತೊಡಗಿದಳು. ಈಜು ಕಲಿಸುವ ಜಯಲಕ್ಷ್ಮೀ ಮೇಡಂ ಅದರ ಅರ್ಥ ಕೇಳಿ ತಿಳಿದು, ಉಳಿದ ತಮಿಳು ಮಕ್ಕಳಿಗೂ "ಮಂಗಳಾರ್ದಿ, ಮಂಗಳಾರ್ದಿ" ಎಂದು ಹೇಳಿಕೊಡುವುದಕ್ಕೆ ಶುರುಮಾಡಿದರು.

ಇಂದು ಅಂದಾನಿ ಹೆಗಲ ಟವಲನ್ನು ಉಂಡೆ ಮಾಡಿ ಹಿಡಿದು ಕೂತಿದ್ದ. ಕೆಳಗೆ ರಚನಾ ಕಟ್ಟೆ ಹತ್ತಿ ನಿಂತು, ಟೋಪಿ ಸರಿಮಾಡಿಕೊಳ್ಳುತ್ತ ಜನರ ನಡುವೆ ಕಣ್ಣಾಡಿಸಿದಳು. ಅಪ್ಪ ಕಂಡ. 'ಮಗಾ' ಎನ್ನುವ ಕೂಗು ಅವನ ಗಂಟಲವರೆಗೂ ಬಂತು. ನುಂಗಿಕೊಂಡ. ನುಂಗಿ, ಎರಡು ಅಂಗೈ ಮುಂದೆ ಚಾಚಿ, ಮೆಲ್ಲಗೆ ಕಣ್ಣಿಗೊತ್ತಿಕೊಂಡ. ಮಗಳು ನಕ್ಕಳೋ ಇಲ್ಲವೋ, ಅಷ್ಟು ದೂರದಿಂದ ತಿಳಿಯಲಿಲ್ಲ. ಸೀಟಿ ಮೊಳಗಿತು.

ಅಂದಾನಿ ಈಜು ನೋಡಲೇ ಇಲ್ಲ. ಅವನ ಕಣ್ಣೆಲ್ಲ ಕೊಳದ ತುದಿಯಲ್ಲಿ ನಿಂತ ಬಿಳಿ ಬಟ್ಟೆಯ ತೀರ್ಪುಗಾರನ ಮೇಲೆ. ತಪ್ಪಾದರೆ ಆತ ಕೈ ಎತ್ತುತ್ತಾನೆ. ಆ ಕೈ ಎದ್ದರೆ ಮಗಳು ನೀರು ಬಿಟ್ಟಳು ಎಂದೇ ಲೆಕ್ಕ.

ಮೊದಲ ಗೋಡೆ. ಕೈ ಏಳಲಿಲ್ಲ. ಎರಡನೆಯದು, ಈ ತುದಿಯಲ್ಲಿ, ಬೇರೆ ತೀರ್ಪುಗಾರನ ಮುಂದೆ. ಇಲ್ಲಿಯೂ ಏಳಲಿಲ್ಲ. ಅಂದಾನಿಗೆ ಗೊತ್ತಿಲ್ಲದಂತೆಯೇ ಮೈ ಕುರ್ಚಿಯಿಂದ ಮೇಲೆದ್ದಿತ್ತು. ಸಾಕಮ್ಮ ಅಂಗಿ ಹಿಡಿದು ಎಳೆದಳು.

"ಕೂತ್ಕಳಿ. ಬಾಯಿ!"

"ತೆಗ್ದಿಲ್ಲ ಕಣೆ!"

"ತೆಗೀತೀರ."

ಟವಲು ಬಾಯಿಗೆ ಹೋಯಿತು. ಮೂರನೆಯ ಗೋಡೆ. ಹೋದ ಸಲ ಎಡವಿದ್ದು ಇಲ್ಲೇ. ನೀರು ಎರಚಿತು, ತೀರ್ಪುಗಾರ ಬಗ್ಗಿ ನೋಡಿದ, ಅವನ ಬಲಗೈ ಮೇಲೆದ್ದೇಬಿಟ್ಟಿತು. ಅಂದಾನಿ ಟವಲನ್ನು ಇನ್ನೂ ಬಿಗಿಯಾಗಿ ಕಚ್ಚಿದ. ಆ ಕೈ ಕನ್ನಡಕದ ಮೇಲಿನ ನೀರು ಒರೆಸಿ ಸುಮ್ಮನೆ ಕೆಳಗಿಳಿಯಿತು.

ಜಪಾನಿನ ಹುಡುಗಿ ಗೆದ್ದಳು. ಜನ ಚಪ್ಪಾಳೆ ತಟ್ಟುತ್ತಿದ್ದರು. ಅಂದಾನಿ ಎದುರಿನ ದೊಡ್ಡ ಬೋರ್ಡನ್ನೇ ದಿಟ್ಟಿಸುತ್ತಿದ್ದ. ಒಂದೊಂದಾಗಿ ಹೆಸರುಗಳು ಬಂದವು; ಆಟದಿಂದ ಹೊರಗಾದವಳಿಗೆ ಅಲ್ಲಿ ಸ್ಥಾನವಿಲ್ಲ. ಆರನೆಯ ಸಾಲಿನಲ್ಲಿ ರಚನಾ ಅಂದಾನಿ.

"ಹೆಸರದೆ! ಹೆಸರದೆ ಕಣೇ ಸಾಕೂ!" ಟವಲು ಎಲ್ಲಿ ಬಿತ್ತೋ. ಪಕ್ಕದವರು ಇವನ ಮಗಳೇ ಚಿನ್ನ ಗೆದ್ದಳೆಂದುಕೊಂಡು ಕೈಕುಲುಕಿದರು.

ಮೆಟ್ಟಿಲ ಕೆಳಗೆ ಕಾದು ನಿಂತಾಗ ರಚನಾ ಒದ್ದೆ ಕೂದಲಲ್ಲೇ ಓಡಿಬಂದಳು.

"ಅಪ್ಪಾ, ನಿಜಕ್ಕೂ ಕೂಗ್ಲಿಲ್ವಾ?"

"ಟವಲ್ ನೋಡವ್ವ, ಹಲ್ಲಿನ ಗುರುತದೆ" ಎಂದಳು ಸಾಕಮ್ಮ, ಬಿದ್ದಲ್ಲಿಂದ ಎತ್ತಿ ತಂದಿದ್ದ ಟವಲನ್ನು ಬಿಡಿಸಿ ತೋರಿಸುತ್ತ.

ರಚನಾ ಎರಡು ಕೈ ಮುಂದೆ ಚಾಚಿದಳು. ಅಂದಾನಿ ಆ ತಣ್ಣನೆಯ ಅಂಗೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡ. ತಲೆ ಎತ್ತಿದಾಗ ಕಣ್ಣು ಕೆಂಪಾಗಿತ್ತು.

"ಏನು ಔಷ್ದಿ ಹಾಕವ್ರೋ ಈ ಹಾಳು ನೀರ್ಗೆ, ಕಣ್ಣುರೀತದೆ! ಎಲ್ಲವ್ನೆ ಇದ್ನ ನೋಡ್ಕಳೋನು?" ಎಂದು ಅಲ್ಲೇ ದನಿ ಎತ್ತಿದ.

ಈ ಸಲ ಮಗಳು ಕತ್ತಾದ ಎನ್ನಲಿಲ್ಲ.