ಹಣೆಗಲ್ಲ, ಮೋರಿಗೆ ಇಟ್ಟ ಬೊಟ್ಟು

ಸಾಹೇಬರು ನೋಡಲು ಬರುತ್ತಾರೆಂದು ನಾವು ಮನೆ ತೊಳೆದೆವು. ತಪ್ಪಾದದ್ದು ಅಲ್ಲೇ.

ಆಗಿನ್ನೂ ಕೆಂಗೇರಿ ಮಹಾನಗರಕ್ಕೆ ಸೇರಿರಲಿಲ್ಲ. ನಮಗೆ ನಮ್ಮದೇ ಪುರಸಭೆ ಇತ್ತು. ನಮ್ಮದು ತಗ್ಗಿನ ಬೀದಿ, ಒಂದೇ ಸಾಲಿನಲ್ಲಿ ಹನ್ನೊಂದು ಮನೆ, ನಡುವಿನದು ನನ್ನದು. ಮೇಲ್ಗಡೆ ಹೊಸ ಲೇಔಟು. ಕೆಳತುದಿಯಲ್ಲಿ ಹಿಟ್ಟಿನ ಗಿರಣಿ, ಅದರ ಮುಂದೆ ಟಾರು ರಸ್ತೆ, ರಸ್ತೆಯ ಅಡಿಯಲ್ಲಿ ಹಳೇ ಕಲ್ಲುಮೋರಿ. ಎಲ್ಲರ ನೀರೂ ಆ ಮೋರಿಯಲ್ಲಿ ನುಸುಳಿ ಆಚೆಯ ಹೊಳೆಗೆ ಹೋಗಬೇಕು.

ನಾನು ಓದಿದ್ದು ಎರಡನೇ ಕ್ಲಾಸು. ಇಪ್ಪತ್ತು ವರ್ಷ ತಳ್ಳುಗಾಡಿಯಲ್ಲಿ ಸೊಪ್ಪು ಮಾರಿದ್ದೇನೆ. ಮಳೆ ಹೇಗೆ ಬದಲಾಯಿತೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಿಂದೆ ದಿನಗಟ್ಟಲೆ ಜಿನುಗುತ್ತಿತ್ತು. ಸೊಪ್ಪು ಕೊಳೆಯುತ್ತಿತ್ತು, ಮನೆ ಉಳಿಯುತ್ತಿತ್ತು. ಆಮೇಲೆ ಮಳೆಗೆ ಬುದ್ಧಿ ಕೆಟ್ಟಿತು. ವಾರಗಟ್ಟಲೆ ಸುಡು ಬಿಸಿಲು, ಒಂದು ದಿನ ಇದ್ದಕ್ಕಿದ್ದ ಹಾಗೆ ಆಕಾಶವೇ ಹರಿದು ಬಿದ್ದಂತೆ ಒಂದು ಗಂಟೆ. ಅಷ್ಟೇ. ಆ ಒಂದು ಗಂಟೆಯಲ್ಲಿ ಮೊಣಕಾಲುದ್ದ ಕೊಚ್ಚೆ ನೀರು ಮನೆಯೊಳಗೆ. ಎರಡು ವರ್ಷ ಹೀಗೆ ಆಯಿತು.

ನನ್ನ ಹಿಂದಿನ ಗೋಡೆ ಹಸಿ ಇಟ್ಟಿಗೆಯದು, ಗಂಡ ಇದ್ದಾಗ ಕಟ್ಟಿದ್ದು. ಗಾರೆಯವನನ್ನು ಕರೆಸಿದೆ. ಅವನು ಹೆಬ್ಬೆರಳು ಒತ್ತಿದ, ಬೆರಳು ಒಳಗೆ ಹೋಯಿತು.

"ಅಜ್ಜಿ, ಇದು ಗೋಡೆ ಅಲ್ಲ, ಕೇಸರಿಬಾತು. ಇನ್ನೊಂದ್ ಸಲ ನೀರು ಕುಡಿದ್ರೆ ಕೂತ್ಕೊಂಡ್ಬಿಡುತ್ತೆ."

ಇನ್ನೊಂದು ಮಳೆಗಾಲದೊಳಗೆ ಏನಾದರೂ ಆಗಬೇಕು, ಇಲ್ಲದಿದ್ದರೆ ನನಗೆ ಮನೆ ಇಲ್ಲ. ಅಳುತ್ತ ಕೂತರೆ ಗೋಡೆ ಒಣಗುವುದಿಲ್ಲ.

ಎರಡನೇ ಸಲ ನೀರು ನುಗ್ಗಿದಾಗ ಪುರಸಭೆಯ ಇಂಜಿನಿಯರು ನೋಡಲು ಬರುತ್ತಾರೆಂದು ಸುದ್ದಿ ಬಂತು. ನಾವು ಹನ್ನೊಂದು ಮನೆಯವರೂ ಹಬ್ಬದ ಹಾಗೆ ಕೆಲಸಕ್ಕೆ ಬಿದ್ದೆವು. ಕೆಸರು ಬಳಿದೆವು, ಫಿನಾಯಿಲು ಹಾಕಿದೆವು, ಸೊಂಟದವರೆಗೆ ಸುಣ್ಣ ಹೊಡೆದೆವು, ಬಾಗಿಲಿಗೆ ರಂಗೋಲಿ ಬಿಟ್ಟೆವು. ಆತ ಬಂದರು, ಕಾಫಿ ಕುಡಿದರು, "ಬೀದಿ ಚೆನ್ನಾಗಿಟ್ಕೊಂಡಿದೀರಮ್ಮ" ಎಂದರು, ಏನೋ ಬರೆದುಕೊಂಡು ಹೋದರು. ನಾವೂ ಹಲ್ಲು ಕಿರಿದೆವು.

ಕೆಲವು ತಿಂಗಳ ಮೇಲೆ ಒಬ್ಬ ಮೇಡಂ ಬಂದರು. ಯಾವುದೋ ಸಂಸ್ಥೆಯವರು, ಪುರಸಭೆಗೆ ಸಹಾಯ ಮಾಡಲು ಬಂದವರು. ಕೈಯಲ್ಲಿ ಹಾಸಿಗೆಯಗಲದ ನಕ್ಷೆ.

"ಹವಾಮಾನ ಬದಲಾಗ್ತಾ ಇದೆ ಅಮ್ಮ. ಇನ್ಮೇಲೆ ಮಳೆ ಬಂದ್ರೆ ಹಿಂಗೇ. ಎಲ್ಲಾ ಕೆಲ್ಸ ಒಟ್ಟಿಗೆ ಮಾಡಕ್ಕೆ ಪುರಸಭೆ ಕೈಲಿ ಆಗಲ್ಲ. ಯಾವ್ದು ಮೊದಲು, ಯಾವ್ದು ಆಮೇಲೆ ಅಂತ ಪಟ್ಟಿ ಮಾಡ್ತಿದೀವಿ."

"ನಮ್ಮ ಬೀದಿ ಎಲ್ಲಿದೆ ಪಟ್ಟೀಲಿ?"

ಅವರು ಕಾಗದ ತಿರುವಿದರು, ಇನ್ನೂ ತಿರುವಿದರು. "ಕೊನೇಲಿದೆ. ಹಾನಿ ಕಂಡುಬಂದಿಲ್ಲ ಅಂತ ಬರೆದಿದೆ."

ಕೊನೇ ಮನೆಯವಳು, ಗಾರ್ಮೆಂಟ್ಸಿಗೆ ಹೋಗುವವಳು, ಸೊಂಟಕ್ಕೆ ಸೆರಗು ಸಿಕ್ಕಿಸಿ ಜಗಳಕ್ಕೆ ನಿಂತಳು. "ಮನೆಗ್ ಬಂದೋರನ್ನ ಗಬ್ಬಲ್ಲಿ ಕೂರ್ಸಕ್ಕಾಗುತ್ತಾ? ತೊಳೆದಿದ್ದೇ ತಪ್ಪಾ?"

"ತಪ್ಪೇ ಕಣೇ," ಎಂದೆ. ಮೇಡಂ ಕೈ ಹಿಡಿದು ನನ್ನ ಮನೆಯೊಳಗೆ ಕರೆದುಕೊಂಡು ಹೋದೆ. ಬಾಗಿಲು ಎಳೆದು ಅದರ ಹಿಂದೆ ತೋರಿಸಿದೆ. ಬಾಗಿಲ ಹಿಂದೆ ಸುಣ್ಣ ಹೊಡೆಯುವ ಹೆಂಗಸು ನಮ್ಮ ಬೀದಿಯಲ್ಲಿ ಇನ್ನೂ ಹುಟ್ಟಿಲ್ಲ. ಅಲ್ಲಿ ಗೋಡೆ ಮೇಲೆ ಗೀಟು ಎಳೆದ ಹಾಗೆ ಕೊಚ್ಚೆಯ ಕಲೆ, ಒಂದು ವರ್ಷದ್ದು ಕೆಳಗೆ, ಇನ್ನೊಂದು ವರ್ಷದ್ದು ಮೇಲೆ.

ಮೇಡಂ ಬಗ್ಗಿ ಎರಡೂ ಕಲೆಗಳ ಮೇಲೆ ಬೆರಳಾಡಿಸಿ ನೋಡಿದರು. ಮಾರನೇ ದಿನ ಅದೇ ಇಂಜಿನಿಯರನ್ನು ಕರೆದುಕೊಂಡು ಬಂದರು. ಆತ ಟೇಪು ಹಿಡಿದು ಹನ್ನೊಂದು ಬಾಗಿಲ ಹಿಂದೆಯೂ ಬಗ್ಗಿ ಅಳೆದರು. ಆ ದಿನ ಯಾರೂ ಕಾಫಿ ಕೊಡಲಿಲ್ಲ.

ಅಳೆದವರು ಒಳ್ಳೆಯ ಮನುಷ್ಯರೇ. "ಲೇಔಟಿನ ನೀರು ಮೇಲಿಂದ ನುಗ್ತಾ ಇದೆ. ನಿಮ್ಮ ಬೀದಿ ಚರಂಡೀನ ಎತ್ತರಿಸಿ ಕಟ್ಟಬೇಕು," ಎಂದರು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆದರೆ ಏನೋ ಸರಿ ಇಲ್ಲ ಅನ್ನಿಸುತ್ತಿತ್ತು.

ಮುಂದಿನ ವಾರ ಪುರಸಭೆಯ ಹಾಲಿನಲ್ಲಿ ಸಭೆ. ಗೋಡೆಗೆ ದೊಡ್ಡ ಹಾಳೆ ಅಂಟಿಸಿ ಕೆಲಸಗಳನ್ನು ಬರೆದಿದ್ದರು: ಲೇಔಟಿಗೆ ಫುಟ್‌ಪಾತು, ಪಾರ್ಕಿಗೆ ನೆರಳಿನ ಗಿಡ, ನಮ್ಮ ಬೀದಿಗೆ ಚರಂಡಿ, ಗಿರಣಿ ಮೋರಿ, ಇನ್ನೂ ಏನೇನೋ. ಒಬ್ಬೊಬ್ಬರಿಗೆ ಮೂರು ಗುರುತು, ಬೇಕಾದ ಕೆಲಸದ ಮುಂದೆ ಅಂಟಿಸಬೇಕು. ಗುರುತಿಗೆ ಮೇಡಂ ಫ್ಯಾನ್ಸಿ ಅಂಗಡಿಯಿಂದ ಸ್ಟಿಕರ್ ಬೊಟ್ಟಿನ ಪ್ಯಾಕೆಟ್ಟು ತಂದಿದ್ದರು. ಹಂಚುತ್ತ ನನ್ನ ಮುಂದೆ ಬಂದು ತಡವರಿಸಿದರು. ನನಗೆ ಗಂಡ ಇಲ್ಲ.

"ಕೊಡಿ ತಾಯಿ," ಎಂದೆ, "ಹಣೆಗಲ್ಲವಲ್ಲ, ಮೋರಿಗೆ."

ಹಾಲೆಲ್ಲ ನಕ್ಕಿತು. ನಮ್ಮ ಹೆಂಗಸರು ಒಂದೂ ಬಿಡದೆ ನಮ್ಮ ಬೀದಿಯ ಚರಂಡಿಯ ಮುಂದೆ ಬೊಟ್ಟು ಅಂಟಿಸಿದರು. ನಾನೂ ಎರಡು ಅಂಟಿಸಿದೆ. ಮೂರನೆಯದು ಬೆರಳಿಗೇ ಅಂಟಿಕೊಂಡಿತ್ತು. ಆಗ ಹೊಳೆಯಿತು.

"ಸಾರ್," ಎಂದೆ ಇಂಜಿನಿಯರಿಗೆ, "ನೀರು ಮೇಲಿಂದ ನುಗ್ಗೋದಾದ್ರೆ ಮೊದಲು ಮುಳುಗಬೇಕಾದ್ದು ಮೊದಲನೇ ಮನೆ ಅಲ್ವಾ? ನಮ್ಮ ಬೀದೀಲಿ ಮೊದಲು ಮುಳುಗೋದು ಗಿರಣಿ ಪಕ್ಕದ ಹನ್ನೊಂದನೇದು."

ನಮ್ಮ ವಾರ್ಡಿನ ಮೆಂಬರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ಸೊಪ್ಪಿನಜ್ಜಿ ಇಂಜಿನಿಯರ್ ಆಗ್ಬಿಟ್ಳಪ್ಪ!" ಎಂದ.

"ಗಾಡಿ ತಳ್ಳಿದೀನಿ ಸ್ವಾಮಿ. ನೀವು ಜೀಪಲ್ಲಿ ಓಡಾಡೋರು. ಇಳಿಜಾರು ನಿಮ್ಮ ಜೀಪಿಗೆ ಗೊತ್ತು, ನಿಮಗೆ ಗೊತ್ತಿಲ್ಲ."

ಹಾಲೆಲ್ಲ ಮತ್ತೆ ನಕ್ಕಿತು. ನಗದೆ ಇದ್ದವರು ಇಂಜಿನಿಯರು ಒಬ್ಬರೇ. "ತೋರಿಸಿ ಅಜ್ಜಿ," ಎಂದು ಎದ್ದೇ ಬಿಟ್ಟರು. ಹಾಲೇ ಎದ್ದು ನನ್ನ ಹಿಂದೆ ಬಂತು.

ಬೀದಿಯ ಮೇಲ್ತುದಿಯಲ್ಲಿ ನನ್ನ ಖಾಲಿ ಗಾಡಿ ನಿಂತಿತ್ತು. ಚಕ್ರಕ್ಕೆ ಕೊಟ್ಟ ಕಲ್ಲು ತೆಗೆದೆ. ಗಾಡಿ ತಾನೇ ಹೊರಟಿತು. ನಮ್ಮ ಮನೆಗಳ ಕಡೆ ತಿರುಗಲಿಲ್ಲ, ನಿಲ್ಲಲೂ ಇಲ್ಲ. ಹನ್ನೊಂದು ಬಾಗಿಲು ದಾಟಿ ಗಡಗಡ ಓಡಿ ಗಿರಣಿ ಮುಂದಿನ ಮೋರಿ ಕಲ್ಲಿಗೆ ಡಬ್ ಎಂದು ಹೊಡೆದು ನಿಂತಿತು.

"ಗಾಡಿ ಹೋದ ಕಡೆ ನೀರೂ ಹೋಗುತ್ತೆ. ನಮ್ಮನೇಲಿ ನಿಲ್ಲಕ್ಕೆ ಅದಕ್ಕೆ ಇಷ್ಟ ಇಲ್ಲ ಸಾರ್. ಅಲ್ಲಿ ಬಾಗಿಲು ಹಾಕಿದ್ರೆ ವಾಪಸ್ ಬರದೆ ಏನ್ ಮಾಡುತ್ತೆ?"

ಇಂಜಿನಿಯರು ಪ್ಯಾಂಟು ಮಡಚಿ ಮೋರಿಯೊಳಗೆ ಇಣುಕಿದರು. ಮೇಲೆ ಟಾರಿನ ಮೇಲೆ ಟಾರು, ಕೆಳಗೆ ವರ್ಷಗಳ ಹೂಳು. ನಡುವೆ ಉಳಿದ ಬಾಯಿ ಒಂದು ಗೇಣು. ಎದ್ದು ಕೈ ಒರೆಸಿಕೊಂಡು, "ಅಜ್ಜಿ ಹೇಳಿದ್ದೇ ಸರಿ," ಎಂದರು. "ಆದ್ರೆ ಮಳೆಗೆ ಮುಂಚೆ ಒಂದು ಕೆಲ್ಸ ಮಾತ್ರ ಆಗೋದು. ಮೋರಿ ಮಾಡಿದ್ರೆ ನಿಮ್ಮ ಬೀದಿ ಚರಂಡಿ ಈ ವರ್ಷ ಇಲ್ಲ."

ಹಾಲಿಗೆ ವಾಪಸು ಬಂದೆವು. ನಾನು ನೆಟ್ಟಗೆ ಹಾಳೆಯ ಹತ್ತಿರ ಹೋಗಿ ನನ್ನ ಎರಡು ಬೊಟ್ಟು ಕಿತ್ತು, ಬೆರಳಲ್ಲಿದ್ದದ್ದನ್ನೂ ಸೇರಿಸಿ, ಮೂರನ್ನೂ ಮೋರಿಯ ಮುಂದೆ ಒತ್ತಿದೆ. ಕೊನೇ ಮನೆಯವಳು ಮೈಮೇಲೆ ಬಂದಳು.

"ಬೀದಿಗ್ ಬಂದ ಕೆಲ್ಸಾನ ಗಿರಣಿಯವನಿಗೆ ದಾನ ಮಾಡ್ತೀಯಾ? ನಾಳೆ ಮೋರಿ ಮಾಡಿದ್ ಮೇಲೂ ನೀರು ಬಂದ್ರೆ?"

"ಬಂದ್ರೆ ಮೊದಲು ಬೀಳೋದು ನನ್ನ ಗೋಡೆ. ನಿಂದು ಸಿಮೆಂಟಿಂದು. ಒಂದು ಹೇಳು, ನಿಮ್ಮನೆಗೆ ನೀರು ಬಂದಿದ್ದು ಮುಂಬಾಗಿಲಿಂದಾನಾ, ಹಿತ್ತಲಿಂದಾನಾ?"

"ಹಿತ್ತಲಿಂದ."

"ಹಿತ್ತಲು ಯಾವ ಕಡೆಗಿದೆ?"

ಗಿರಣಿ ಕಡೆಗಿತ್ತು. ಅವಳು ನನ್ನನ್ನು ಕೆಕ್ಕರಿಸಿ ನೋಡಿದಳು. "ಥೂ, ನಿನ್ನ ಬಾಯಿಗಿಷ್ಟು!" ಎಂದು ಬೈದು, ಉಗುರಲ್ಲಿ ಕೆರೆದು ತನ್ನ ಮೂರು ಬೊಟ್ಟೂ ಕಿತ್ತು ಮೋರಿಯ ಮುಂದೆ ಅಂಟಿಸಿದಳು. ಆಮೇಲೆ ಉಳಿದವರು ಸಾಲು ಹಿಡಿದರು. ಗಿರಣಿಗೆ ಹಿಟ್ಟು ಮಾಡಿಸಲು ಬರುವಾಗ ಆ ರಸ್ತೆಯ ಕೊಚ್ಚೆಯಲ್ಲಿ ಸೀರೆ ಎತ್ತಿಕೊಂಡು ದಾಟುತ್ತಿದ್ದ ಲೇಔಟಿನ ಹೆಂಗಸರೂ ಒಂದೊಂದು ಕೊಟ್ಟರು. ಕೊನೆಗೆ ಹಾಳೆಯಲ್ಲಿ ಮೋರಿಯ ಸಾಲು ಪೂರಾ ಕೆಂಪಾಗಿತ್ತು. ಪಟ್ಟಿಯಲ್ಲಿ ಗಿರಣಿ ಮೋರಿ ಮೊದಲನೆಯದು.

ಯುಗಾದಿ ಕಳೆದ ಮೇಲೆ ರಸ್ತೆ ಅಗೆದರು. ಹಳೇ ಕಲ್ಲು ಕಿತ್ತು, ಆಳು ಬಗ್ಗಿ ನಡೆಯುವಷ್ಟು ದೊಡ್ಡ ಸಿಮೆಂಟು ಮೋರಿ ಇಳಿಸಿದರು. ನಾನು ದಿನಾ ಸೊಪ್ಪು ಮಾರಿ ಬರುವಾಗ ಅಲ್ಲಿ ನಿಲ್ಲುತ್ತಿದ್ದೆ. ಕೂಲಿಯವರಿಗೆ ನನ್ನ ಕಾಟ ಜಾಸ್ತಿಯಾಗಿ, "ಬಂದ್ರಪ್ಪಾ ಮೇಸ್ತ್ರಿ" ಅನ್ನುತ್ತಿದ್ದರು. ಅನ್ನಲಿ.

ಮಳೆ ಬಂದದ್ದು ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ. ಹಿಂದಿನ ಎರಡು ಸಲಕ್ಕಿಂತ ಜೋರು. ಹನ್ನೊಂದು ಬಾಗಿಲಲ್ಲೂ ಜನ ನಿಂತಿದ್ದರು, ಪಾತ್ರೆ ಅಟ್ಟಕ್ಕೆ ಏರಿಸಿ, ಅಕ್ಕಿ ಮೂಟೆ ಮಂಚದ ಮೇಲಿಟ್ಟು. ನಾನು ಹಿಂದಿನ ಗೋಡೆಗೆ ಅಂಗೈ ಒತ್ತಿಕೊಂಡು ನಿಂತಿದ್ದೆ, ಬಿದ್ದರೆ ನನ್ನ ಕೈ ತಡೆಯುತ್ತದೆ ಅನ್ನುವ ಹಾಗೆ. ಲೇಔಟಿನ ನೀರು ಬೀದಿಯಲ್ಲಿ ಇಳಿಯಿತು. ಮೊದಲನೇ ಮೆಟ್ಟಿಲು ಮುಟ್ಟಿತು. ಎರಡನೆಯದಕ್ಕೆ ಏರಲಿಲ್ಲ. ಕೆಳಗಿಂದ ಕೊನೇ ಮನೆಯವಳ ಕೂಗು ಕೇಳಿಸಿತು.

"ಹೋಯ್ತು ಕಣಜ್ಜೀ! ಎಲ್ಲಾ ಒಳಕ್ಕೆ ಹೋಗ್ತಾ ಇದೆ! ಬಾ ನೋಡು ಬಾ!"

ಕೊಡೆ ಹುಡುಕಲಿಲ್ಲ. ತಲೆ ಮೇಲೆ ಗೋಣಿ ಹಾಕಿಕೊಂಡು ಹೋದೆ. ಕೊಚ್ಚೆಯೆಲ್ಲ ಗಟಗಟ ಎಂದು ಆ ಮೋರಿಯ ಬಾಯೊಳಗೆ ಇಳಿಯುತ್ತಿತ್ತು. ಮೆಂಬರೂ ಬಂದಿದ್ದ, ಮೊಣಕಾಲವರೆಗೆ ಪಂಚೆ ಎತ್ತಿಕೊಂಡು. ನನ್ನನ್ನು ನೋಡಿ, "ಗೆದ್ದೆ ಬಿಡಜ್ಜಿ," ಎಂದ.

"ಮುಂದಿನ ವರ್ಷ ನಮ್ಮ ಚರಂಡಿ," ಎಂದೆ. ಅದನ್ನೂ ಮಾಡಿಸಿಕೊಂಡೆವು. ಅದಕ್ಕೂ ಬೊಟ್ಟು ಇಟ್ಟೇ.

ಗೋಡೆ ಆ ಮಳೆಗಾಲದ ನಂತರದ ಬೇಸಿಗೆಯಲ್ಲಿ ಒಣಗಿತು, ಗಾರೆಯವನು ಬಂದು ಹೆಬ್ಬೆರಳು ಒತ್ತಿದ, ಬೆರಳು ನೋಯಿಸಿಕೊಂಡ. ಮನೆಗೆಲ್ಲ ಸುಣ್ಣ ಹೊಡೆಸಿದೆ. ಬಾಗಿಲ ಹಿಂದೆ ಮಾತ್ರ ಹೊಡೆಸಲಿಲ್ಲ. ಇನ್ನೊಬ್ಬ ಸಾಹೇಬ ಬಂದರೆ ತೋರಿಸಲು ಬೇಕಲ್ಲ.