ಬದುಕಿದ್ದ ಮಗುವಿಗೆ ಹಾಲುತುಪ್ಪ

ಆಗ ನನಗೆ ಐವತ್ತೊಂಬತ್ತು, ರೇಷನ್ ಕಾರ್ಡ್ ಹೇಳುವ ಲೆಕ್ಕದಲ್ಲಿ. ಅದಾಗಿ ಎಂಟು ವರ್ಷವಾಯಿತು. ಧರ್ಮಪುರಿಯ ಒಂದು ಸಂಘದಲ್ಲಿ ಕೆಲಸಕ್ಕಿದ್ದೆ. ಸರ್ಕಾರ ತಗೊಂಡು ಹೋಗಿ ಬೇರೆಯವರಿಗೆ ದತ್ತು ಕೊಟ್ಟ ಮಕ್ಕಳ ತಾಯಂದಿರನ್ನು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಆಫೀಸಿನವರು ಇದಕ್ಕೆ ಫಾಲೋ ಅಪ್ ಅನ್ನುತ್ತಿದ್ದರು. ಫಾಲೋ ಅಪ್ ಅಂದರೆ ಇಷ್ಟೇ: ಆ ಹೆಂಗಸಿನ ಮನೆಗೆ ಹೋಗಬೇಕು, ಮಾತ್ರೆ ನುಂಗುತ್ತಾಳಾ ಕೇಳಬೇಕು, ನೇಣು ಗೀಣು ಹಾಕಿಕೊಳ್ಳದೆ ಇದ್ದಾಳಾ ನೋಡಬೇಕು, ಬಂದು ಹೇಳಬೇಕು. ನಾನು ಓದಿದ್ದು ಮೂರನೇ ಕ್ಲಾಸು. ಪೆನ್ನಾಗರಂ ಕಡೆಯ ಕನ್ನಡದ ಮನೆಗಳಿಗೆಲ್ಲ ನನ್ನನ್ನೇ ಕಳಿಸುತ್ತಿದ್ದರು. ಅಲ್ಲಿಯ ಹೆಂಗಸರು ಬಜಾರಿನಲ್ಲಿ ತಮಿಳು ಆಡಿದರೂ ಅಳುವುದು ಕನ್ನಡದಲ್ಲೇ.

ಸೆಲ್ವಿ ಅಂಥವಳು. ಇಪ್ಪತ್ತಾರರ ಹೆಣ್ಣು. ಗಂಡನೂ ಅವಳೂ ಸೇಲಂನಲ್ಲಿ ಬೆಳ್ಳಿ ಕಾಲ್ಗೆಜ್ಜೆ ಮಾಡುವ ಸಣ್ಣ ಕಾರ್ಖಾನೆ, ಪಟ್ಟರೆ ಅಂತಾರೆ, ಅದರಲ್ಲಿ ಕೂಲಿಗಿದ್ದರು. ಎರಡನೇ ಹೆರಿಗೆಯಾಗಿ ವಾರಕ್ಕೇ ಕೂಸು ಹೋಯಿತು, ಇವಳಿಗೆ ಬಾಣಂತಿ ಸನ್ನಿ ಹಿಡಿಯಿತು. ತಲೆ ಕೆಟ್ಟ ಆ ದಿನಗಳಲ್ಲೊಮ್ಮೆ ಮೂರು ವರ್ಷದ ದೊಡ್ಡ ಮಗಳು ಪವಿಯನ್ನು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂರಿಸಿ, ತಾನು ಯಾವುದೋ ಬಸ್ ಹತ್ತಿಬಿಟ್ಟಳು. ಪೊಲೀಸರು ಮಗುವನ್ನು ಮಕ್ಕಳ ಹೋಮಿಗೆ ಸೇರಿಸಿದರು, ಇವಳನ್ನು ಆಸ್ಪತ್ರೆಗೆ. ವಾಸಿಯಾಗಿ ಹೊರಗೆ ಬರುವಷ್ಟರಲ್ಲಿ ವರ್ಷ ದಾಟಿತ್ತು. ಅಷ್ಟರೊಳಗೆ ಗಂಡ ಅನ್ನಿಸಿಕೊಂಡವನು, ನನ್ನ ಕೈಲಿ ಸಾಕಲಾಗಲ್ಲ, ಹೆಂಡತಿ ಹುಚ್ಚಿ, ಅಂತ ಸೈನು ಹಾಕಿ ಮಗುವನ್ನು ಬಿಟ್ಟುಕೊಟ್ಟಾಗಿತ್ತು.

ಸೆಲ್ವಿಯನ್ನು ಆಫೀಸಿಗೆ ಕರಕೊಂಡು ಹೋದವಳು ನಾನೇ. ಅಲ್ಲಿದ್ದ ಆಫೀಸರು ತಲೆ ಎತ್ತದೆ, “ಮುಡಿಂಜಿ ಪೋಚ್ಚುಮ್ಮಾ” ಅಂದರು. ಮುಗಿದುಹೋಯಿತು ಅಂತ. ಮಗು ಬೇರೆ ರಾಜ್ಯದ ಒಳ್ಳೆ ಮನೆ ಸೇರಿದೆ, ವಿಳಾಸ ಹೇಳುವ ಹಾಗಿಲ್ಲ, ಇನ್ನು ವಾಪಸ್ ಅನ್ನುವ ಮಾತಿಲ್ಲ. ಸೆಲ್ವಿ ಕೂಗಾಡಲಿಲ್ಲ. ನನ್ನ ಕಡೆ ತಿರುಗಿ, “ಅವ್ಳಿಗೆ ನಿದ್ದೆ ಬರಾಕೆ ಯಾರ್ದಾದ್ರೂ ಕಿವಿ ಇಡ್ಕಬೇಕು. ಆ ಮನೆಯವ್ರಿಗೆ ಇದ್ನ ಯೋಳಿವ್ರಾ ಕೇಳು” ಅಂದಳು. ತಮಿಳಿನಲ್ಲಿ ಹೇಳಿದೆ. ಆಫೀಸರು ಬರೆದುಕೊಂಡ ಹಾಗೆ ಮಾಡಿದರು.

ತವರಿನಲ್ಲಿ ಯಾರೂ ಇಲ್ಲ, ಗಂಡ ಸೇಲಂ ಬಿಟ್ಟು ಬರಲ್ಲ. ಇವಳು ಊರಿಗೆ ಬಂದು ಅತ್ತೆ ಮಾದಮ್ಮನ ಮನೆ ಸೇರಿದಳು. ಊರಿನವರು ಬಿಡಬೇಕಲ್ಲ. ನಲ್ಲಿ ಹತ್ತಿರ ಹೋದರೆ ಬಿಂದಿಗೆ ಆಚೆ ಎಳೆದುಕೊಳ್ಳುವರು. ಪಕ್ಕದ ಮನೆಯವಳ ಕೂಸು ನೋಡಿ ಕೈ ಚಾಚಿದರೆ, “ನಿನ್ ಕೈಗಾ? ನಿಂದನ್ನೇ ಬಸ್ ಸ್ಟ್ಯಾಂಡ್ನಾಗೆ ಬಿಸಾಕ್ ಬಂದೆ” ಅಂತ ಕಿತ್ತುಕೊಂಡಳಂತೆ. ಸೆಲ್ವಿ ಉಣ್ಣುವುದು ಬಿಟ್ಟಳು. ನಾನು ಹೋಗುವಾಗೆಲ್ಲ ಬಳೆ ಮುಂಗೈ ಬಿಟ್ಟು ಮೊಣಕೈವರೆಗೂ ಜಾರುತ್ತಿತ್ತು. ಬೈದೆ, ಗದರಿದೆ. ಗೋಡೆಗೆ ಹೇಳಿದ ಹಾಗಾಯಿತು.

ಒಂದು ದಿನ ಮಾದಮ್ಮ ನನ್ನನ್ನು ಅಂಗಳದಲ್ಲೇ ತಡೆದಳು. “ನೀನ್ ಬತ್ತೀಯ, ಮಾತ್ರೆ ಎಣಿಸ್ಕಂಡ್ ಓಗ್ತೀಯ. ಇವ್ಳು ಇಂಗೇ ಒಣಗಿ ಓಗ್ತಾಳೆ. ಪವಿ ಸತ್ಲು ಅಂತ ಮಾಡ್ಬುಡಾನ. ಅವ್ಳ್ ಲಂಗ ಐತೆ. ಅದ್ನೇ ಮಣ್ಣು ಮಾಡಿ ಆಲುತುಪ್ಪ ಬುಡಾನ.”

ನನಗೆ ಮೈ ಉರಿದುಹೋಯಿತು. “ನಿನ್ ಬಾಯ್ಗೆ ಮಣ್ಣಾಕ! ಬದ್ಕಿರೋ ಮಗೀಗೆ ಆಲುತುಪ್ಪನಾ?”

“ಬದ್ಕಿದ್ರೆ ಕರ್ಕಂಡ್ ಬಾ. ಬಸ್ ಚಾರ್ಜು ನಾನೇ ಕೊಡ್ತೀನಿ” ಅಂದಳು ಮಾದಮ್ಮ.

ಒಳಗೆ ಗೋಡೆಗೆ ಒರಗಿದ್ದ ಸೆಲ್ವಿಯನ್ನು ಕೇಳಿದೆ, ನೀನೇನಂತೀಯೇ ಅಂತ. ಕೂತಲ್ಲಿಂದಲೇ ಹೇಳಿದಳು. “ಚಿಕ್ಕದು ಸತ್ತಾಗ ಊರೇ ಬಂದು ನನ್ ಜತೆ ಅತ್ತಿತ್ತು ದೊಡ್ಡವ್ವಾ. ಇವ್ಳಿಗೆ ಯಾರೂ ಅಳ್ನಿಲ್ಲ.”

ಹೊಲದ ಬದಿಯ ಹುಣಸೆ ಮರದ ಕೆಳಗೆ ಗುಂಡಿ ತೋಡಿ ಕೆಂಪು ಲಂಗ ಹೂತರು. ಮೂರನೇ ದಿನ ಗುಂಡಿಯ ಮೇಲೆ ಹಾಲುತುಪ್ಪ ಬಿಡುವ ಶಾಸ್ತ್ರ. ಆವತ್ತು ನಾನೂ ಹೋದೆ. ಮಗು ಎಲ್ಲೋ ಚೆನ್ನಾಗಿದೆ ಅಂತ ಊರಿಗೆಲ್ಲ ಗೊತ್ತು. ಆದರೂ ಬಂದರು. ಎದೆ ಎದೆ ಬಡಿದುಕೊಂಡು ಅತ್ತರು. ಕೂಸು ಕಿತ್ತುಕೊಂಡಿದ್ದಳಲ್ಲ ಪಕ್ಕದ ಮನೆಯವಳು, ಅವಳೇ ಸೆಲ್ವಿಯ ತಲೆಯನ್ನು ಮಡಿಲಿಗೆ ಹಾಕಿಕೊಂಡಳು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದು ಅಂತ ನಾಲ್ಕು ಮನೆಯಿಂದ ಮುದ್ದೆ, ಸಾರು, ಅನ್ನ ಬಂತು. ಮಾದಮ್ಮ ಕಲಸಿ ಬಾಯಿಗಿಟ್ಟಳು. ಸೆಲ್ವಿ ಉಂಡಳು. ಇನ್ನೊಂದು ಸಲ ಹಾಕಿಸಿಕೊಂಡು ಉಂಡಳು.

ನನಗೆ ಸುಮ್ಮನಿರಲು ಆಗಲಿಲ್ಲ. ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದೆ. “ನಾಳೆ ಅವ್ಳು ದೊಡ್ಡೋಳಾಗಿ ನಿನ್ನ ಉಡುಕ್ಕಂಡ್ ಬಂದ್ರೆ ಈ ಗುಂಡಿ ತೋರಿಸ್ತೀಯೇನೇ?”

“ಬಂದಾಗ ನಾನಿರ್ಬೇಕಲ್ಲಾ ದೊಡ್ಡವ್ವಾ. ಅದ್ಕೇ ಉಣ್ತಾ ಇವ್ನಿ” ಅಂದಳು, ಅಗಿಯುತ್ತಲೇ.

ಇದನ್ನು ಆಮೇಲೆ ಆಫೀಸಿನಲ್ಲಿ ಹೇಳಿದೆ. ಮೂಢನಂಬಿಕೆ ಅಂತ ಬರೆದುಕೊಂಡರು. ಬರೆದುಕೊಳ್ಳಲಿ. ಪವಿ ಎಲ್ಲೋ ಯೂನಿಫಾರಂ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿರಬಹುದು, ಇಲ್ಲಿ ಅವಳ ಗುಂಡಿಯ ಮೇಲೆ ಹುಲ್ಲು ಬೆಳೆದಿದೆ. ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಒಂದೇ: ಮಗು ಸತ್ತರೆ ತಾಯಿಗೆ ಎಲ್ಲಿ ಕೂರಬೇಕು, ಯಾರ ಹೆಗಲ ಮೇಲೆ ಅಳಬೇಕು, ಯಾರು ಬಡಿಸುತ್ತಾರೆ ಅಂತ ಊರಿಗೇ ಗೊತ್ತು. ಮಗುವನ್ನು ಸರ್ಕಾರ ತಗೊಂಡರೆ ಅವಳಿಗೆ ಒಂದು ತುತ್ತು ತರಬೇಕು ಅಂತ ಊರಿಗೂ ಹೊಳೆಯಲ್ಲ, ಆಫೀಸಿಗೂ ಹೊಳೆಯಲ್ಲ.

ಹಾಲುತುಪ್ಪದ ಮಾರನೇ ದಿನ ಬೆಳಿಗ್ಗೆ ಎದ್ದು ಮುದ್ದೆ ತಿರುವಿದೆ, ಹುರುಳಿ ಸಾರು ಕಾಯಿಸಿದೆ. ಕ್ಯಾರಿಯರಿಗೆ ಹಾಕಿಕೊಂಡು ನಲ್ಲಂಪಳ್ಳಿ ಬಸ್ ಹತ್ತಿದೆ. ಅಲ್ಲೊಬ್ಬಳ ಗಂಡುಮಗುವನ್ನು ಹಿಂದಿನ ತಿಂಗಳು ದತ್ತು ಕೊಟ್ಟಿದ್ದರು. ಬಾಗಿಲಲ್ಲಿ ನಿಂತು ಕ್ಯಾರಿಯರ್ ನೋಡಿ ಅವಳು ಹೆದರಿಕೊಂಡಳು.

“ಯಾರ್ ಸತ್ರು?”

“ಯಾರೂ ಸತ್ತಿಲ್ಲ. ಕೂತ್ಕ, ಉಣ್ಣು” ಅಂದು ತಟ್ಟೆಗೆ ಬಡಿಸಿದೆ.